ಹಳೇ ಆಫೀಸ್ ಟವರ್‌ನಲ್ಲಿ ಗೇಮಿಂಗ್: ತೊಂದರೆಯೆಲ್ಲ ಎಸ್‌ಎಂಪಿಎಸ್‌ನದ್ದೇ

ಎರಡು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಈ ಪಿಸಿಯಲ್ಲಿ ನನಗೆ ಸಿಟ್ಟು ತರಿಸಿದ್ದು ಒಂದೇ, ಅದರ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ.

ಆಫೀಸಿನವರು ಬಳಸಿ ಬಿಟ್ಟ, ಇಂಟೆಲ್‌ನ 4ನೇ ಜನರೇಶನ್ ಐ5-4570 ಪ್ರೊಸೆಸರ್ ಇರುವ ಟವರನ್ನು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಗೊಂಡೆ. ಎಸ್‌ಎಸ್‌ಡಿ, ಡಿಡಿಆರ್3 ರ‍್ಯಾಮ್ ಮನೆಯಲ್ಲೇ ಬಿದ್ದಿದ್ದವು. ಗ್ರಾಫಿಕ್ಸ್ ಕಾರ್ಡ್ ಸೇರಿ 12,000 ರೂಪಾಯಿ ದಾಟಬಾರದು ಅನ್ನುವುದು ನನ್ನ ಲೆಕ್ಕ. 2, 3ನೇ ಜನರೇಶನ್ ಟವರ್‌ಗಳು ಇನ್ನೂ ಅಗ್ಗಕ್ಕೆ ಸಿಗುತ್ತವೆ, ಆದರೆ ಬೇಡ. ಅವುಗಳ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಅನ್ನುವ ಸೌಲಭ್ಯ ಇಲ್ಲ, ಅದಿಲ್ಲದೆ ಕೆಲವು ಹೊಸ ಗೇಮ್‌ಗಳು ಓಪನ್ನೇ ಆಗುವುದಿಲ್ಲ.

ಎಸ್‌ಎಂಪಿಎಸ್ ವಿಷಯಕ್ಕೆ ಬರುತ್ತೇನೆ. ಮಾಮೂಲಿ ಮದರ್‌ಬೋರ್ಡ್‌ಗೆ 24 ಪಿನ್ ಕನೆಕ್ಟರ್ ಇರುತ್ತದೆ. ಇದರಲ್ಲಿ ಇರುವುದು 8 ಪಿನ್, ಟವರ್ ಮಾಡಿದ ಕಂಪನಿಯದ್ದೇ ಬೇರೆ ಲೆಕ್ಕ. ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ, ಕನ್ವರ್ಟರ್ ಕೇಬಲ್ ಹುಡುಕಬೇಕು. ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ 6 ಪಿನ್ ವೈರ್ ಕೂಡ ಇಲ್ಲ. ಹಾಗಾಗಿ ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಸ್ಲಾಟ್‌ನಿಂದ ಬರುವ 75 ವ್ಯಾಟ್‌ನಲ್ಲೇ ಓಡುವ ಕಾರ್ಡ್ ಬೇಕು. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಹಾಕಿದೆ. ಒಳ್ಳೇ ಕಾರ್ಡ್ ಅಗ್ಗಕ್ಕೆ ಕಣ್ಣೆದುರಿಗಿದ್ದರೂ ಬಿಟ್ಟು ಬಂದ ಹೊಟ್ಟೆಉರಿ ತುಂಬಾ ದಿನ ಇತ್ತು.

ಅದು ಇಳಿದದ್ದು ಬೇಸಿಗೆಯಲ್ಲಿ. ನಮ್ಮ ಕಡೆ ಸಂಜೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಈ ಪಿಸಿ ಎಳೆಯುವ ಕರೆಂಟೇ ಕಮ್ಮಿ ಅಲ್ವಾ, ಸಣ್ಣ 600 ವಿಎ ಯುಪಿಎಸ್ ಸುಮ್ನೆ ತಡೆದುಕೊಳ್ಳುತ್ತದೆ. ಮನೆಯೆಲ್ಲ ಕತ್ತಲಾದರೂ ಜಿಟಿಎ 5ರಲ್ಲಿ ಮಿಷನ್ ಮುಗಿಸಿ, ಸೇವ್ ಮಾಡಿ, ಆಮೇಲೆ ಆಫ್ ಮಾಡುತ್ತೇನೆ. ರಾತ್ರಿ ಪಕ್ಕದಲ್ಲಿ ಮಗು ಮಲಗಿದ್ದರೂ ಫ್ಯಾನ್ ಸದ್ದಿಗೆ ಏಳುವುದಿಲ್ಲ.

ತಿಂಗಳಿಗೊಂದು ಭಾನುವಾರ ಮುಚ್ಚಳ ತೆಗೆಯುತ್ತೇನೆ. ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಿಂದ ಹಿಡಿದು, ಹಳೇ ಪೇಂಟ್ ಬ್ರಷ್‌ನಿಂದ ಒಂದೊಂದೇ ರೆಕ್ಕೆಯ ಅಂಚು ಒರೆಸುತ್ತೇನೆ. ಪ್ರೊಸೆಸರ್ ತಣ್ಣಗಿಡುವ ಹೀಟ್‌ಸಿಂಕ್ ಸಂದಿಯಲ್ಲಿ ಬೂದು ಬಣ್ಣದ ಧೂಳು ಹತ್ತಿಯ ಹಾಗೆ ಕೂತಿರುತ್ತದೆ. ಅದು ಪೂರ್ತಿ ಒಂದೇ ತುಂಡಾಗಿ ಕಿತ್ತು ಬಂದರೆ ಆ ಖುಷಿಯೇ ಬೇರೆ.

ಇಷ್ಟೆಲ್ಲ ಇದ್ದರೂ ಈಗ ಇಂಥದ್ದನ್ನು ಹೊಸದಾಗಿ ಕಟ್ಟಿ ಅನ್ನಲು ಮನಸ್ಸು ಬರುತ್ತಿಲ್ಲ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10 ಸಪೋರ್ಟ್ ನಿಂತಿತು. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಅದೇ ತಿಂಗಳು ಎನ್‌ವಿಡಿಯಾ ಕೂಡ ಈ ಕಾರ್ಡ್‌ಗೆ ಹೊಸ ಗೇಮ್‌ಗಳ ಡ್ರೈವರ್ ನಿಲ್ಲಿಸಿತು, ಇನ್ನು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಚೆನ್ನಾಗಿ ಓಡುತ್ತಿರುವ ಮಷಿನ್ ಹೀಗೆ ಮೂಲೆಗೆ ಬೀಳುವುದು ನಿಜಕ್ಕೂ ಬೇಜಾರು.

ಹತ್ತು ವರ್ಷದ ಹಿಂದಿನ ಗೇಮ್‌ಗಳೇ ಸಾಕು ಅನ್ನುವವರಿಗೆ ಈಗಲೂ ಪರವಾಗಿಲ್ಲ. ಆದರೆ ದುಡ್ಡು ಕೊಡುವ ಮೊದಲು ಅಂಗಡಿಯವರ ಎದುರೇ ಮುಚ್ಚಳ ತೆಗೆಸಿ, ಬೋರ್ಡಿನ ಪವರ್ ಕನೆಕ್ಟರ್ ಎಷ್ಟು ಪಿನ್‌ದು ಎಂದು ಎಣಿಸಿ ನೋಡಿ.