ತೊಡೆಯ ಗಂಟು ಅಂತ ಸುಮ್ನೆ ಕೊಯ್ಸಿಕೊಳ್ಳಬೇಡಿ

ಕುರಿ, ನಾಯಿ ಸಾಕಿರುವವರು ದಯವಿಟ್ಟು ಓದಿ. ನೋವಿಲ್ಲದ ಗಂಟು ಬಂದರೆ ಸ್ಕ್ಯಾನ್ ಆಗದೆ ಯಾರಿಂದಲೂ ಕೊಯ್ಸಿಕೊಳ್ಳಬೇಡಿ.

ನನ್ನ ಬಲತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟಿತ್ತು. ಹತ್ತಿರದ ನರ್ಸಿಂಗ್ ಹೋಮ್ ಡಾಕ್ಟರು ಒಂದು ಸಲ ಒತ್ತಿ ನೋಡಿ, "ಕೊಬ್ಬಿನ ಗಂಟು, ಅರ್ಧ ಗಂಟೆ ಕೆಲಸ" ಅಂದರು. ಸ್ಕ್ಯಾನ್ ಬೇಡವಾ ಅಂದೆ. "ಸುಮ್ನೆ ದುಡ್ಡು ದಂಡ" ಅಂದರು. ನಮ್ಮ ದುಡ್ಡು ಉಳಿಸ್ತಿದ್ದಾರೆ ಅಂದುಕೊಂಡೆ. 12,000 ರೂಪಾಯಿ ಎಣಿಸಿ ಕೊಟ್ಟೆ. ಬಿಲ್ ಕೇಳಲಿಲ್ಲ.

ಮರಗಟ್ಟಿಸಿ ಕೊಯ್ದರು. ಕೊಬ್ಬು ಬರಲೇ ಇಲ್ಲ. ತಿಳಿನೀರು ಚಿಮ್ಮಿತು, ಹಿಂದೆಯೇ ಎಳನೀರಿನ ಗಂಜಿಯಂಥ ಬಿಳಿ ಪೊರೆ. ಡಾಕ್ಟರು ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಹಿಂಡಿ ತೆಗೆದು, ಬಕೆಟ್‌ಗೆ ಹಾಕಿ, ಹೊಲಿದುಬಿಟ್ಟರು. ಹತ್ತೇ ನಿಮಿಷದಲ್ಲಿ ಮೈಯೆಲ್ಲ ದದ್ದು, ಉಸಿರು ಕಟ್ಟಿತು. "ಮರಗಟ್ಟಿಸೋ ಔಷಧಿ ನಿಮಗೆ ಒಗ್ಗಿಲ್ಲ" ಅಂದರು. ಅದನ್ನೂ ನಂಬಿದೆ.

ಒಂದೂವರೆ ವರ್ಷಕ್ಕೆ ಅದೇ ಗಾಯದ ಸುತ್ತ ನಾಲ್ಕು ಗಂಟು. ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಮನೆಯಲ್ಲಿ ಕುರಿ, ನಾಯಿ ಇದಾವಾ?" ಆಮೇಲೆ, "ಅವತ್ತು ತೆಗೆದದ್ದರ ಬಯಾಪ್ಸಿ ರಿಪೋರ್ಟ್ ಎಲ್ಲಿ?" ಆ ಬಕೆಟ್ ಕಣ್ಮುಂದೆ ಬಂತು. ಮೋಸ ಹೋದೆ ಅಂತ ಆಗ ಗೊತ್ತಾಯ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅದು ಹೈಡಾಟಿಡ್ ಗುಳ್ಳೆ. ಎಕಿನೊಕಾಕಸ್ ಅನ್ನೋ ಲಾಡಿಹುಳು ನಾಯಿಯ ಕರುಳಲ್ಲಿರುತ್ತೆ. ಅದರ ಮೊಟ್ಟೆ ನಾಯಿಯ ಹೇಲಿನಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ. ಹೆಚ್ಚಾಗಿ ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ಬೆಳೆಯುತ್ತೆ, ಮಾಂಸಖಂಡದಲ್ಲಿ ತೀರಾ ಅಪರೂಪ. ಒಡೆದರೆ ಆ ನೀರಲ್ಲಿರೋ ಮರಿಗಳೇ ಹೊಸ ಗುಳ್ಳೆಗಳಾಗುತ್ತವೆ. ಅವತ್ತಿನ ದದ್ದಿಗೂ ಆ ನೀರೇ ಕಾರಣವಂತೆ. ಜೀವಾನೇ ಹೋಗಬಹುದಿತ್ತಂತೆ. ಕುರಿ ಕೊಯ್ದಾಗ ನೀರುಗುಳ್ಳೆ ಇರೋ ಲಿವರನ್ನು ನಾವೇ ನಾಯಿಗೆ ಎಸೆಯುತ್ತಿದ್ದೆವು. ಅದನ್ನು ತಿಂದೇ ನಾಯಿಗೆ ಈ ಹುಳು ಬರೋದು. ಹಾಗೆ ಮಾಡಬೇಡಿ.

ಎಂಆರ್‌ಐ ಹಿಡಿದು ಹಳೇ ಡಾಕ್ಟರ ಹತ್ತಿರ ಹೋದೆ. "ಇದು ಸಾವಿರಕ್ಕೊಬ್ಬರಿಗೂ ಬರಲ್ಲ, ನನಗೆ ಹೇಗೆ ಗೊತ್ತಾಗಬೇಕು?" ಲ್ಯಾಬ್‌ಗೆ ಯಾಕೆ ಕಳಿಸಲಿಲ್ಲ ಅಂದೆ. "ನೀವು ಕೇಳಲಿಲ್ಲವಲ್ಲ." ನಾನು ಕೇಳಬೇಕಿತ್ತಾ? ಕೊನೆಗೆ, "ನಮ್ಮಲ್ಲೇ ಮಾಡಿಸಿದ್ದು ಅನ್ನೋಕೆ ಬಿಲ್ ಇದೆಯಾ?" ಅಪರೂಪ ಅನ್ನೋದು ಸರಿ. ಆದರೆ ನೀರು ಚಿಮ್ಮಿದ್ದನ್ನು ಕಣ್ಣಾರೆ ನೋಡಿದರಲ್ಲ! ನೋಡಿಯೂ ಸುಮ್ಮನಿದ್ದರಲ್ಲ!

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಅಲ್ಬೆಂಡಜೋಲ್ ಅನ್ನೋ ಹುಳುವಿನ ಮಾತ್ರೆ 400 ಮಿಲಿಗ್ರಾಂ ಕೊಟ್ಟರು, ದಿನಕ್ಕೆರಡು ಸಲ. 28 ದಿನ ನುಂಗಿ 14 ದಿನ ಬಿಡುವು. ಆಮೇಲೆ ಆಪರೇಷನ್. ಗುಳ್ಳೆಗಳು ಒಡೆಯದ ಹಾಗೆ ಸುತ್ತಲಿನ ಮಾಂಸದ ಸಮೇತ ಇಡಿಯಾಗಿ ತೆಗೆದರು. ಮಾತ್ರೆ ಇನ್ನೂ ನಡೀತಿದೆ, ನಡುನಡುವೆ ಲಿವರ್ ಪರೀಕ್ಷೆ. ಈಗಲೂ ಕುಂಟುತ್ತೇನೆ.

ಮೊದಲು ಅಲ್ಟ್ರಾಸೌಂಡ್ ಮಾಡಿಸಿ. ಸೂಜಿ ಚುಚ್ಚಿ ನೋಡೋಣ ಅಂದರೂ ಸ್ಕ್ಯಾನ್ ಆದಮೇಲೇ. ಕುರಿ, ನಾಯಿ ಇರೋದನ್ನು ನೀವೇ ಬಾಯಿಬಿಟ್ಟು ಹೇಳಿ. ತೆಗೆದದ್ದು ಲ್ಯಾಬ್‌ಗೆ ಹೋಗಲೇಬೇಕು. ಬಿಲ್ ಇಸ್ಕೊಳ್ಳಿ.

ಮೊನ್ನೆ ನಮ್ಮ ಪಕ್ಕದ ಮನೆ ಹುಡುಗನ ಭುಜ ನೋಡಿ ಅದೇ ನರ್ಸಿಂಗ್ ಹೋಮ್‌ನಲ್ಲಿ "ಕೊಬ್ಬಿನ ಗಂಟು, ಅರ್ಧ ಗಂಟೆ ಕೆಲಸ" ಅಂದಿದ್ದಾರಂತೆ. ಅದಕ್ಕೇ ಇಷ್ಟೆಲ್ಲ ಬರೆದೆ.