ಲಿನಕ್ಸ್‌ಗೆಂದು ಲ್ಯಾಪ್‌ಟಾಪ್ ಕೊಳ್ಳುತ್ತಿದ್ದೀರಾ? ಮೊದಲು ಅದನ್ನು ಮಲಗಿಸಿ ನೋಡಿ

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದೇ ಹೊಸ ಲ್ಯಾಪ್‌ಟಾಪ್ ಕೊಂಡವರು, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಒಂದು ರಾತ್ರಿ ಅದನ್ನು ಸ್ಲೀಪ್‌ಗೆ ಹಾಕಿಡಿ. ಚಾರ್ಜರ್ ತೆಗೆದು, ಬ್ಯಾಟರಿ ಎಷ್ಟಿದೆ ಎಂದು ಬರೆದಿಟ್ಟು, ಮುಚ್ಚಳ ಮುಚ್ಚಿಬಿಡಿ. ಬೆಳಿಗ್ಗೆ ಐದಾರು ಶೇಕಡಾ ಇಳಿದಿದ್ದರೆ ಸರಿ. ಮೂವತ್ತು ನಲವತ್ತು ಇಳಿದಿದ್ದರೆ, ಬೇರೆ ಎಲ್ಲ ಎಷ್ಟೇ ಚೆನ್ನಾಗಿದ್ದರೂ ಆ ಯಂತ್ರ ನಿಮಗೆ ಬೇಡ.

ನನ್ನ ಲ್ಯಾಪ್‌ಟಾಪಿನ ವಿವರಣೆಯಲ್ಲಿ ‘ಲಿನಕ್ಸ್‌ಗೆ ಹೊಂದುತ್ತದೆ’ ಎಂದು ಸ್ಪಷ್ಟವಾಗಿ ಬರೆದಿದ್ದರು. ವೈಫೈ, ಸೌಂಡ್, ಟಚ್‌ಪ್ಯಾಡ್, ಕ್ಯಾಮೆರಾ ಎಲ್ಲವೂ ಮೊದಲ ಬೂಟ್‌ನಲ್ಲೇ ಕೆಲಸ ಮಾಡಿದವು. ಆದರೆ ಮುಚ್ಚಿ ಬ್ಯಾಗಿನಲ್ಲಿಟ್ಟು ಹೊರಟರೆ, ತಲುಪುವಷ್ಟರಲ್ಲಿ ಕೈಯಿಡಲಾಗದಷ್ಟು ಬಿಸಿ. ತುಂಬಿದ್ದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿ. ಉಳಿಸದೆ ಬಿಟ್ಟಿದ್ದ ಕೆಲಸ ಒಂದಕ್ಕಿಂತ ಹೆಚ್ಚು ಸಲ ಹಾಗೇ ಹೋಯಿತು. ತಯಾರಕರ ಸರ್ವಿಸ್‌ನವರು ಕೊಟ್ಟ ಉತ್ತರ ಒಂದೇ: ಯಂತ್ರದ ಜೊತೆ ಬಂದ ಸಿಸ್ಟಮ್ ಹಾಕಿ ತನ್ನಿ, ಆಗ ನೋಡುತ್ತೇವೆ. ಮಾರುವಾಗ ಹೊಂದುತ್ತದೆ ಎಂದವರು ಕೆಟ್ಟಾಗ ಹಾಗೆನ್ನಬಾರದು.

ಇದಕ್ಕೆ ಕಾರಣ ಏನೆಂದು ಕೊಳ್ಳುವ ಮೊದಲೇ ತಿಳಿದಿರಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಎಂಬ ನಿದ್ರೆ ಇತ್ತು. ಅದರಲ್ಲಿ ರ‍್ಯಾಮ್‌ಗೆ ಮಾತ್ರ ಕರೆಂಟ್ ಹೋಗುತ್ತದೆ, ಉಳಿದದ್ದೆಲ್ಲ ಬಹುಪಾಲು ಬಂದ್. ಈಗಿನ ಅನೇಕ ಮಾದರಿಗಳ ಫರ್ಮ್‌ವೇರ್‌ನಲ್ಲಿ (ತಯಾರಕರು ಯಂತ್ರದೊಳಗೇ ಕೂರಿಸಿರುವ ಮೂಲ ತಂತ್ರಾಂಶದಲ್ಲಿ) ಅದನ್ನು ತೆಗೆದುಹಾಕಿ, ಮಾಡರ್ನ್ ಸ್ಟ್ಯಾಂಡ್‌ಬೈ ಎಂಬುದನ್ನು ಮಾತ್ರ ಇಟ್ಟಿದ್ದಾರೆ. ಇಲ್ಲಿ ಯಂತ್ರ ಲೆಕ್ಕಕ್ಕೆ ಎಚ್ಚರವಾಗಿಯೇ ಇರುತ್ತದೆ. ಎಸ್‌ಎಸ್‌ಡಿ, ವೈಫೈ, ಯುಎಸ್‌ಬಿ, ಗ್ರಾಫಿಕ್ಸ್ ಒಂದೊಂದೂ ತಾನಾಗಿ ಕೆಳಗಿಳಿದರೆ ಮಾತ್ರ ಪ್ರೊಸೆಸರ್ ಅತ್ಯಂತ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಹೋಗುತ್ತದೆ. ಮನೆಯಲ್ಲಿ ಒಬ್ಬರು ಎದ್ದು ಕೂತಿದ್ದರೂ ದೀಪ ಆರಿಸಲಾಗದಂತೆ, ಬಿಡಿಭಾಗಗಳನ್ನು ನಡೆಸುವ ತಂತ್ರಾಂಶಗಳಲ್ಲಿ, ಅಂದರೆ ಡ್ರೈವರ್‌ಗಳಲ್ಲಿ, ಒಂದೇ ಒಂದು ಎಡವಿದರೂ ಇಡೀ ಚಿಪ್ ರಾತ್ರಿಯೆಲ್ಲ ಬ್ಯಾಟರಿ ತಿನ್ನುತ್ತದೆ. ಪರದೆ ಕಪ್ಪಾಗಿರುವುದರಿಂದ ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಪರೀಕ್ಷಿಸುವುದು ಕಷ್ಟವಲ್ಲ. ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿದರೂ ಸಾಕು, ಡಿಸ್ಕ್ ಮುಟ್ಟುವುದು ಬೇಡ. ರೂಟ್‌ನ ‘ಸಿಸ್’ ಫೋಲ್ಡರಿನೊಳಗೆ ‘ಪವರ್’, ಅದರೊಳಗೆ ‘ಮೆಮ್ ಸ್ಲೀಪ್’ ಎಂಬ ಫೈಲ್ ಇದೆ (/sys/power/mem_sleep). ಅದರಲ್ಲಿ ‘ಡೀಪ್’ ಎಂಬ ಪದ ಕಂಡರೆ ಎಸ್3 ಇದೆ ಎಂದರ್ಥ. ‘ಎಸ್2ಐಡಲ್’ ಒಂದೇ ಇದ್ದರೆ ಮಾಡರ್ನ್ ಸ್ಟ್ಯಾಂಡ್‌ಬೈ ಮಾತ್ರ ಇರುವ, ನನ್ನದರ ಜಾತಿಯದು. ಕೆಲವು ಮಾದರಿಗಳ ಬಯೋಸ್‌ನಲ್ಲಿ (ಯಂತ್ರ ಆನ್ ಮಾಡುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟದಲ್ಲಿ) ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಇರುತ್ತದೆ, ಅದನ್ನೂ ಹುಡುಕಿ. ಎಸ್2ಐಡಲ್ ಇದ್ದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ, ಸರಿಯಾಗಿ ಮಾಡಿದ ಯಂತ್ರಗಳು ಅದರಲ್ಲೂ ಚೆನ್ನಾಗಿ ಮಲಗುತ್ತವೆ. ಆ ‘ಪವರ್’ ಫೋಲ್ಡರಿನಲ್ಲೇ ಈಚಿನ ಕರ್ನಲ್‌ಗಳು (ಲಿನಕ್ಸ್‌ನ ತಿರುಳು) ‘ಸಸ್ಪೆಂಡ್ ಸ್ಟಾಟ್ಸ್’ ಎಂಬಲ್ಲಿ, ಹಿಂದಿನ ನಿದ್ರೆಯಲ್ಲಿ ಹಾರ್ಡ್‌ವೇರ್ ನಿಜವಾಗಿ ಎಷ್ಟು ಹೊತ್ತು ಆಳಕ್ಕೆ ಇಳಿದಿತ್ತು ಎಂಬ ಲೆಕ್ಕ ಇಡುತ್ತವೆ. ಆ ಲೆಕ್ಕ ಕೊಡುವ ಯಂತ್ರದಲ್ಲಿ ಅಂಕಿ ಸೊನ್ನೆಯಾಗಿದ್ದರೆ ವಾಪಸ್ ಕೊಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಎರಡನೆಯ ಪೆಟ್ಟು ಪ್ರತ್ಯೇಕ ಗ್ರಾಫಿಕ್ಸ್ ಚಿಪ್‌ನಿಂದ ಬಿತ್ತು. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ, ಬಳಸದಿರುವಾಗ ದೊಡ್ಡ ಚಿಪ್ ಪೂರ್ತಿ ಆರಬೇಕು. ನನ್ನದರಲ್ಲಿ ಅದು ಆರುತ್ತಲೇ ಇರಲಿಲ್ಲ. ಏನೂ ಮಾಡದೆ ಡೆಸ್ಕ್‌ಟಾಪ್ ನೋಡುತ್ತ ಕೂತರೂ, ವಿದ್ಯುತ್ ಬಳಕೆ ಅಳೆಯುವ ಪವರ್‌ಟಾಪ್ ಎಂಬ ಸಾಧನ 14 ವ್ಯಾಟ್ ತೋರಿಸುತ್ತಿತ್ತು. 56 ವ್ಯಾಟ್-ಅವರ್ ಬ್ಯಾಟರಿಗೆ ಅದು ಬರೀ ನಾಲ್ಕು ಗಂಟೆ. ಅದೇ ಬ್ಯಾಟರಿ 5 ವ್ಯಾಟ್‌ನಲ್ಲಿ ಹನ್ನೊಂದು ಗಂಟೆ ಬರುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಗಂಟೆಗಳ ಲೆಕ್ಕ ಬಿಟ್ಟು ಈ ವ್ಯಾಟ್ ನೋಡಿ. ಪರದೆಯ ಬೆಳಕು ಕಡಿಮೆ ಮಾಡಿ, ಎಲ್ಲ ಮುಚ್ಚಿ, ಐದು ನಿಮಿಷ ಬಿಟ್ಟು ನೋಡಿದರೆ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಒಂದಂಕಿಯೊಳಗೆ ಇರಬೇಕು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಗ್ರಾಫಿಕ್ಸ್ ಚಿಪ್ ಮಲಗಿದೆಯೇ ಎಂದು ನೋಡಲು ಅದನ್ನೇ ಕೇಳುವ ಕಮಾಂಡ್ ಓಡಿಸಿದರೆ ಅದು ಎದ್ದುಬಿಡುತ್ತದೆ. ಪರದೆಯ ಅಂಚಿನ ಪಟ್ಟಿಯಲ್ಲಿ ಸದಾ ಆ ಚಿಪ್‌ನ ಉಷ್ಣತೆ ತೋರಿಸುವ ಪುಟ್ಟ ವಿಜೆಟ್‌ಗಳದ್ದೂ ಇದೇ ಕಥೆ. ಎನ್ವಿಡಿಯಾ ಕಂಪನಿಯ ಹಳೆಯ ಗ್ರಾಫಿಕ್ಸ್ ಚಿಪ್ ಇರುವುದನ್ನು ಕೊಳ್ಳುವವರು ಗಮನಿಸಿ: ಹೀಗೆ ತಾನಾಗಿ ಆರುವ ಸೌಲಭ್ಯ ಕಂಪನಿಯ ಡ್ರೈವರ್‌ನಲ್ಲಿ 2018ರ ಟ್ಯೂರಿಂಗ್ ತಲೆಮಾರಿನಿಂದ ಈಚಿನವಕ್ಕೆ ಮಾತ್ರ. ಅನೇಕ ಮಾದರಿಗಳಲ್ಲಿ ಎಚ್‌ಡಿಎಂಐ ತೂತು ಆ ಚಿಪ್‌ಗೇ ಜೋಡಣೆಯಾಗಿರುತ್ತದೆ. ಅಂಥವುಗಳಲ್ಲಿ ಚಿಪ್ ಪೂರ್ತಿ ಆರಿಸಿಟ್ಟರೆ ಹೊರಗಿನ ಪರದೆ ಬರುವುದಿಲ್ಲ.

ವಿದ್ಯುತ್ ಉಳಿಸುವ ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರು ಬಹಳ ಜನ. ಅದು ಒಳ್ಳೆಯ ಸಾಧನವೇ, ಆದರೆ ಫರ್ಮ್‌ವೇರ್‌ನಲ್ಲಿ ಇಲ್ಲದ ನಿದ್ರೆಯನ್ನು ತಂದುಕೊಡಲಾರದು. ಅದರ ಜೊತೆಗೆ ಪವರ್ ಪ್ರೊಫೈಲ್ಸ್ ಡೀಮನ್ ಎಂಬ ಇಂಥದೇ ಇನ್ನೊಂದು ತಂತ್ರಾಂಶ ಕೂಡ ಓಡುತ್ತಿದ್ದರೆ ಎರಡೂ ಒಂದೇ ಸೆಟ್ಟಿಂಗ್ ಮೇಲೆ ಗುದ್ದಾಡುತ್ತವೆ. ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಬಿಸಿಯಾಗುವುದು, ಪದೇ ಪದೇ ಪೂರ್ತಿ ಖಾಲಿಯಾಗುವುದು, ಎರಡೂ ಲಿಥಿಯಂ ಬ್ಯಾಟರಿಗೆ ಕೆಡುಕು. ವಾರಂಟಿ ಮುಗಿಯುವ ಮೊದಲೇ ನನ್ನ ಬ್ಯಾಟರಿ ಮೂಲ ಸಾಮರ್ಥ್ಯದ ಮುಕ್ಕಾಲಿಗೆ ಇಳಿದಿತ್ತು. 80 ಶೇಕಡಾಗೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇದ್ದಿದ್ದರೆ ಸವೆತ ಸ್ವಲ್ಪವಾದರೂ ತಗ್ಗುತ್ತಿತ್ತು. ಅದಕ್ಕೂ ಆ ಮಾದರಿಗೆ ಕರ್ನಲ್ ಡ್ರೈವರ್ ಬೇಕು, ನನ್ನದಕ್ಕೆ ಇರಲಿಲ್ಲ. ಇದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಈಗಾಗಲೇ ಇಂಥದ್ದು ಕೈಯಲ್ಲಿದ್ದು ವಾಪಸ್ ಕೊಡಲಾಗದವರು, ದಯವಿಟ್ಟು ಸ್ಲೀಪ್‌ನಲ್ಲಿಟ್ಟು ಬ್ಯಾಗಿಗೆ ಹಾಕಬೇಡಿ. ಶಟ್‌ಡೌನ್ ಮಾಡಿ, ಇಲ್ಲವೇ ಹೈಬರ್ನೇಟ್ ಮಾಡಿ, ಅಂದರೆ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದು ಪೂರ್ತಿ ಆರಿಸಿ. ಹೈಬರ್ನೇಟ್‌ಗೆ ರ‍್ಯಾಮ್‌ನಷ್ಟಾದರೂ ಸ್ವಾಪ್ ಜಾಗ (ಡಿಸ್ಕಿನಲ್ಲಿ ಅದಕ್ಕೆಂದು ಮೀಸಲಿಟ್ಟ ಭಾಗ) ಇಟ್ಟಿರುವುದು ಒಳ್ಳೆಯದು. ಸಹಿ ಇರುವ ಸಿಸ್ಟಮ್ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಹಲವು ಡಿಸ್ಟ್ರೊಗಳಲ್ಲಿ (ಲಿನಕ್ಸ್‌ನ ಬಗೆಗಳಲ್ಲಿ) ಕರ್ನಲ್ ಹೈಬರ್ನೇಟ್‌ಗೆ ಅನುಮತಿಸುವುದಿಲ್ಲ. ಆಗ ಶಟ್‌ಡೌನ್ ಒಂದೇ ದಾರಿ. ನಾನು ಈಗ ಮಾಡುತ್ತಿರುವುದೂ ಅದನ್ನೇ.