ಅಬ್ಸಿಡಿಯನ್: ಒಂದು ತಿಂಗಳು ಪರೀಕ್ಷೆ, ಎರಡು ವರ್ಷ ಬಳಕೆ

ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ಹೆಚ್ಚಾಗಿ ಆರೋಗ್ಯದ ಕೈಪಿಡಿ, ಕರಪತ್ರಗಳು. ಒಬ್ಬರಿಗೆ ‘ಲಸಿಕೆ’ ಬೇಕು, ಇನ್ನೊಬ್ಬರಿಗೆ ‘ಚುಚ್ಚುಮದ್ದು’ ಅಂತಲೇ ಇರಬೇಕು, ಮತ್ತೊಬ್ಬರು ಆಶಾ ಕಾರ್ಯಕರ್ತೆಯರು ಮನೆ ಮನೆಯಲ್ಲಿ ಏನಂತಾರೋ ಅದನ್ನೇ ಬರೆಯಿರಿ ಎಂದಿರುತ್ತಾರೆ. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ. ಒಳ್ಳೆಯ ನೋಟ್ಸ್ ಆ್ಯಪ್ ಬೇಕೇ ಬೇಕು. ಈಗ ನಾನು ಬಳಸುವ ಅಂಥ ಆ್ಯಪ್ ಅಬ್ಸಿಡಿಯನ್.

ಮೊದಲು ಬೇರೊಂದು ಆ್ಯಪ್‌ನಲ್ಲಿ ನಾಲ್ಕು ವರ್ಷದ ನೋಟ್ಸ್ ಇತ್ತು. ಅದನ್ನು ಬಿಡಬೇಕಾಗಿ ಬಂತು. ಎಕ್ಸ್‌ಪೋರ್ಟ್ ಒತ್ತಿದೆ, ಒಂದು ಝಿಪ್ ಫೈಲ್ ಬಂತು, ಬಿಚ್ಚಿ ನೋಡಿದರೆ ಕನ್ನಡದ ಶೀರ್ಷಿಕೆಗಳೆಲ್ಲ ಬರೀ ಅಡಿಗೆರೆಗಳು. ಯಾವುದು ಯಾವ ಕೆಲಸದ್ದು ಅಂತ ಗೊತ್ತೇ ಆಗಲಿಲ್ಲ. ಒಂದೊಂದನ್ನೂ ತೆರೆದು, ಓದಿ, ಮತ್ತೆ ಹೆಸರಿಡುವಷ್ಟರಲ್ಲಿ ಮೂರು ಭಾನುವಾರ ಹೋದವು. ನಿಜವಾಗಿ ಅಳು ಬಂದಿತ್ತು.

ಹಾಗಾಗಿ ಅಬ್ಸಿಡಿಯನ್ ಹಾಕಿಕೊಂಡ ದಿನ ಮೊದಲು ನೋಡಿದ್ದು ಒಳಗೆ ಏನೇನಿದೆ ಅಂತಲ್ಲ, ಹೊರಗೆ ಬರೋದು ಹೇಗೆ ಅಂತ. ಹತ್ತು ನೋಟ್ ಬರೆದೆ. ಆ್ಯಪನ್ನೇ ಅನ್‌ಇನ್‌ಸ್ಟಾಲ್ ಮಾಡಿದೆ. ಆಮೇಲೆ ಫೋಲ್ಡರ್ ತೆರೆದೆ. ಹತ್ತೂ ಫೈಲ್ ಅಲ್ಲೇ ಇದ್ದವು, ಕನ್ನಡದ ಹೆಸರಿನಲ್ಲೇ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪೂರ್ತಿ ಓದಬಹುದು. ಯಾಕೆಂದರೆ ಇದರಲ್ಲಿ ಪ್ರತಿ ನೋಟೂ ಮಾರ್ಕ್‌ಡೌನ್ ಅನ್ನುವ ಸಾದಾ ಪಠ್ಯದ ಫೈಲ್. ‘ವಾಲ್ಟ್’ ಅಂತ ದೊಡ್ಡ ಹೆಸರಿದ್ದರೂ ಅದು ನಮ್ಮ ಕಂಪ್ಯೂಟರಿನ ಒಂದು ಫೋಲ್ಡರ್ ಅಷ್ಟೇ. ಆ ಹತ್ತು ನಿಮಿಷದಲ್ಲೇ ಅರ್ಧ ತೀರ್ಮಾನ ಆಗಿಹೋಯಿತು.

ಉಳಿದರ್ಧಕ್ಕೆ ಒಂದು ತಿಂಗಳು ತೆಗೆದುಕೊಂಡೆ. ಆ ತಿಂಗಳು ಹಳೆಯ ಡೈರಿಯನ್ನು ಬಿಡಲಿಲ್ಲ. ನಡೆಯುತ್ತಿದ್ದ ಕೆಲಸಗಳಲ್ಲಿ ಒಂದನ್ನು ಮಾತ್ರ ಇದಕ್ಕೆ ತಂದೆ. ಸುಮ್ನೆ ಪ್ರಯೋಗಕ್ಕೆ ಅಂತ ಏನೋ ಬರೆದರೆ ಗೊತ್ತಾಗಲ್ಲ, ಗಡುವು ಇರುವ ನಿಜವಾದ ಕೆಲಸವೇ ಬೇಕು. ನಡುವೆ ತೀರ್ಥಹಳ್ಳಿ ಹತ್ತಿರದ ಅಮ್ಮನ ಮನೆಗೂ ಲ್ಯಾಪ್‌ಟಾಪ್ ಒಯ್ದೆ. ಅಲ್ಲಿ ನೆಟ್‌ವರ್ಕ್ ಬೇಕಾದರೆ ಅಂಗಳದ ಮೂಲೆಗೇ ಹೋಗಬೇಕು. ಮೂರು ದಿನ ಇಂಟರ್‌ನೆಟ್ ಇಲ್ಲದೆ ಕೆಲಸ ನಡೆಯಿತು, ಒಂದು ಕಡೆಯೂ ನಿಲ್ಲಲಿಲ್ಲ.

ಜಾಸ್ತಿ ಹೊತ್ತು ಕೊಟ್ಟಿದ್ದು ಕನ್ನಡದ ಹುಡುಕಾಟಕ್ಕೆ. ಇದನ್ನು ನೀವೂ ಪರೀಕ್ಷೆ ಮಾಡಲೇಬೇಕು, ಯಾವುದೇ ಆ್ಯಪ್ ಆಗಲಿ. ‘ಲಸಿಕೆ’ ಅಂತ ಹುಡುಕಿದರೆ ‘ಲಸಿಕೆಯನ್ನು’, ‘ಲಸಿಕೆಗಳು’ ಎಲ್ಲ ಸಿಗುತ್ತವೆ. ಆದರೆ ‘ಚುಚ್ಚುಮದ್ದು’ ಅಂತ ಹುಡುಕಿದರೆ ‘ಚುಚ್ಚುಮದ್ದನ್ನು’ ಸಿಗಲ್ಲ, ಯಾಕೆಂದರೆ ಅಲ್ಲಿ ಕೊನೆಯ ಉಕಾರ ಬಿದ್ದುಹೋಗಿರುತ್ತದೆ. ‘ಚುಚ್ಚುಮದ್ದ’ ಅಂತ ಕೊಟ್ಟರೆ ಎರಡೂ ಬರುತ್ತವೆ. ಇನ್ನೊಂದು ತೊಂದರೆ ಕಣ್ಣಿಗೇ ಕಾಣಲ್ಲ. ‘ಚೆಕ್‌ಅಪ್’ ಪದ ನನ್ನ ಹಳೆಯ ಫೈಲುಗಳಲ್ಲಿ ಹತ್ತಾರು ಕಡೆ ಇತ್ತು, ಹುಡುಕಿದರೆ ಸಿಕ್ಕಿದ್ದು ಕೆಲವೇ. ನೋಡೋಕೆ ಎಲ್ಲವೂ ಒಂದೇ ಥರ. ಕೆಲವದರಲ್ಲಿ ‘ಕ್’ ಆದ ಮೇಲೆ ಜೀರೋ ವಿಡ್ತ್ ನಾನ್ ಜಾಯಿನರ್ ಅನ್ನುವ ಕಾಣದ ಚಿಹ್ನೆ ಇತ್ತು, ಕೆಲವದರಲ್ಲಿ ಇರಲಿಲ್ಲ. ಒತ್ತಕ್ಷರ ಆಗದಂತೆ ತಡೆಯೋಕೆ ನಾವೇ ಟೈಪ್ ಮಾಡುವ ಚಿಹ್ನೆ ಅದು. ಈಗ ಇಂಥ ಪದಗಳಿಗೆ ಬರೀ ‘ಚೆಕ್’ ಅಂತ ಮೊದಲ ತುಂಡನ್ನಷ್ಟೇ ಹುಡುಕುತ್ತೇನೆ. ಇದು ಆ್ಯಪ್‌ನ ತಪ್ಪಲ್ಲ, ಕನ್ನಡ ಟೈಪಿಂಗ್‌ನ ಗುಣ. ಆದರೆ ಮೊದಲೇ ಗೊತ್ತಿದ್ದರೆ ನೋಟ್ಸ್ ಕಳೆದುಹೋಯಿತು ಅಂತ ಗಾಬರಿ ಆಗಲ್ಲ.

ದಿನವೂ ಖುಷಿ ಕೊಡುವುದು ಲಿಂಕ್. ಎರಡು ಚೌಕ ಕಂಸದೊಳಗೆ ಪದ ಬರೆದರೆ ಅದು ಆ ಹೆಸರಿನ ನೋಟ್‌ಗೆ ಕೊಂಡಿಯಾಗುತ್ತದೆ. [[ಲಸಿಕೆ]]ಯನ್ನು ಅಂತ ಕಂಸದ ಹೊರಗೆ ಪ್ರತ್ಯಯ ಹಚ್ಚಿದರೂ ಸರಿ. ‘ಚುಚ್ಚುಮದ್ದನ್ನು’ ಥರದ್ದಕ್ಕೆ [[ಚುಚ್ಚುಮದ್ದು|ಚುಚ್ಚುಮದ್ದನ್ನು]] ಅಂತ ಬರೆಯಬೇಕು (ಗೆರೆಯ ಮೊದಲು ನೋಟ್‌ನ ಹೆಸರು, ಆಮೇಲೆ ಕಣ್ಣಿಗೆ ಕಾಣುವ ರೂಪ), ಸ್ವಲ್ಪ ಕೆಲಸ ಜಾಸ್ತಿ. ಈಗ ಪ್ರತಿ ಪದಕ್ಕೂ ಒಂದು ನೋಟ್ ಇದೆ. ಅದನ್ನು ತೆರೆದರೆ ಯಾರ ಕೆಲಸದಲ್ಲಿ ಯಾವ ರೂಪ ಬಳಸಿದ್ದೆ ಅಂತ ಕೆಳಗೆ ಬ್ಯಾಕ್‌ಲಿಂಕ್‌ಗಳ, ಅಂದರೆ ಇದಕ್ಕೆ ಲಿಂಕ್ ಕೊಟ್ಟ ಬೇರೆ ನೋಟ್‌ಗಳ ಪಟ್ಟಿಯೇ ಇರುತ್ತದೆ. ನೋಟ್‌ನ ಹೆಸರು ಬದಲಿಸಿದರೆ ಲಿಂಕ್‌ಗಳೂ ತಾವಾಗಿ ಬದಲಾಗುತ್ತವೆ.

ದುಡ್ಡಿನ ಮಾತು. ಆ್ಯಪ್ ಉಚಿತ. ಮೊದಲು ಕಂಪನಿ ಕೆಲಸಕ್ಕೆ ಲೈಸೆನ್ಸ್ ಕೊಳ್ಳಬೇಕಿತ್ತು, 2025ರಿಂದ ಅದೂ ಕಡ್ಡಾಯವಲ್ಲ. ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಒಂದೇ ಥರ ಇರಬೇಕೆಂದರೆ ಅವರ ಸಿಂಕ್ ಸೇವೆಗೆ ದುಡ್ಡು ಕೊಡಬೇಕು. ನಾನು ತೆಗೆದುಕೊಂಡಿಲ್ಲ. ಎರಡೂ ಕಡೆಯ ಫೋಲ್ಡರನ್ನು ಒಂದೇ ಥರ ಇಡುವ ಸಿಂಕ್‌ಥಿಂಗ್ ಅನ್ನುವ ಬೇರೊಂದು ತಂತ್ರಾಂಶದಲ್ಲಿ ಹೊಂದಿಸಿಕೊಂಡಿದ್ದೇನೆ. ಒಂದೇ ನೋಟನ್ನು ಎರಡೂ ಕಡೆ ಒಟ್ಟಿಗೆ ತಿದ್ದಿದರೆ ಎರಡು ಪ್ರತಿ ಆಗುತ್ತವೆ, ಕೂತು ಹೋಲಿಸಬೇಕು. ಅಷ್ಟು ತಾಳ್ಮೆ ಇಲ್ಲದವರು ದುಡ್ಡು ಕೊಡುವುದೇ ವಾಸಿ.

ಪ್ಲಗಿನ್, ಅಂದರೆ ಆ್ಯಪ್‌ಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶದ ಬಗ್ಗೆ ಒಂದು ಮಾತು. ಬೇರೆಯವರು ಬರೆದ ಪ್ಲಗಿನ್‌ಗಳು ಮೊದಲಿಗೆ ಆಫ್ ಆಗಿಯೇ ಇರುತ್ತವೆ. ಒಂದು ತಿಂಗಳಾದರೂ ಹಾಗೇ ಬಿಡಿ. ಇಲ್ಲದಿದ್ದರೆ ಪರೀಕ್ಷೆ ಮಾಡಿದ್ದು ಆ್ಯಪನ್ನಾ, ಪ್ಲಗಿನ್ನಾ ಅಂತಲೇ ಗೊತ್ತಾಗಲ್ಲ. ನಾನು ಈಗಲೂ ಬಳಸುವುದು ಎರಡೇ.

ನಾಲ್ಕೈದು ಜನ ಒಟ್ಟಿಗೆ ಕೂತು ಒಂದೇ ದಾಖಲೆ ತಿದ್ದುವ ಕೆಲಸ ನಿಮ್ಮದಾದರೆ ಇದು ಬೇಡ, ಇದು ಒಬ್ಬರ ಮೇಜು. ಒಬ್ಬರೇ ಓದಿ, ಬರೆದು, ಹುಡುಕುವವರಾದರೆ ಧೈರ್ಯವಾಗಿ ಪ್ರಯತ್ನಿಸಿ.

2025ರಲ್ಲಿ ‘ಬೇಸಸ್’ ಅಂತ ಹೊಸ ಸೌಲಭ್ಯ ಬಂತು. ನೋಟ್‌ಗಳನ್ನೇ ಕೋಷ್ಟಕದ ಥರ ತೋರಿಸುತ್ತದೆ. ಯಾರ ಬಿಲ್ ಬಾಕಿ ಇದೆ ಅಂತ ನೋಡೋಕೆ ಆಗಬಹುದು. ಫೋಲ್ಡರ್‌ನ ಒಂದು ನಕಲು ಮಾಡಿಕೊಂಡು ಅದರಲ್ಲಿ ನೋಡುತ್ತಿದ್ದೇನೆ. ಇನ್ನೂ ಎರಡನೇ ವಾರ, ಅಸಲಿ ಫೋಲ್ಡರ್‌ಗೆ ತಂದಿಲ್ಲ.